ಹಳೆಯ ವೈಸಿನ ಜೀರ್ಣೋದ್ಧಾರ

ನಮ್ಮ ನಾಡಿನ ಬಡಗಿಯು ನೆಲದ ಮೇಲೆ ಕುಳಿತು, ಮರದ ತುಂಡನ್ನು ಪಾದದಿಂದ ಅದುಮಿ ಹಿಡಿದು ಕೆಲಸ ಮಾಡುವುದನ್ನು ಊರಿಗೆ ಹೋದಾಗ ನಿಮ್ಮಲ್ಲಿ ಕೆಲವರು ಕಂಡಿರಬಹುದು. ಆ ಪಾದಗಳಿಗೆ ಅನೇಕ ವರ್ಷಗಳ ಅಭ್ಯಾಸವಿರುತ್ತದೆ; ನಮ್ಮವಕ್ಕಿಲ್ಲ. ಮೇಜಿನ ಬಳಿ ನಿಂತು ಕೀಸುಳಿ ಹಿಡಿಯುವ ನಮ್ಮಂಥವರಿಗೆ ಮರವನ್ನು ಬಿಗಿಹಿಡಿಯುವ ಸಾಧನವೊಂದು ಬೇಕು. ಅದೇ ವೈಸು.

ಹೊಸದನ್ನು ಕೊಳ್ಳುವಷ್ಟು ಹಣ ನಮ್ಮ ಹಸ್ತಕೌಶಲದ ವರ್ಗದಲ್ಲಿ ಕೂಡಿರಲಿಲ್ಲವಾದ್ದರಿಂದ, ಒಂದು ರಜೆಯ ದಿನ ಭೇಂಡಿ ಬಜಾರಿನ ಸಮೀಪದ ಚೋರ್ ಬಜಾರಿಗೆ ಹೋದೆವು. ಹಳೆಯ ಸಾಮಾನುಗಳ ರಾಶಿಯಡಿಯಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ತಯಾರಾದ, 9 ಅಂಗುಲ ಅಗಲದ ದವಡೆಗಳುಳ್ಳ ‘ರೆಕಾರ್ಡ್’ 52½ ಎಂಬ ವೈಸು ದೊರೆಯಿತು. ಮುಂಬಯಿಯ ಉಪ್ಪುಗಾಳಿಗೆ ಅದರ ಮೈಯೆಲ್ಲ ತುಕ್ಕು. ತುಕ್ಕಿಗೆ ನಾವು ಅಂಜಲಿಲ್ಲ, ಅಂಜಬೇಕಾದುದು ಬಿರುಕಿಗೆ. ಎರಕದ ಕಬ್ಬಿಣವು ಅದುಮುವ ಭಾರವನ್ನು ಚೆನ್ನಾಗಿ ತಾಳುತ್ತದೆ, ಪೆಟ್ಟನ್ನು ತಾಳದು. ಬಿರಿದರೆ ಬೆಸೆಯುವುದೂ ಕಷ್ಟ. ಅಂಗಡಿಯವನಿಂದಲೇ ತುಸು ಸೀಮೆಎಣ್ಣೆ ಬೇಡಿ ದವಡೆಗಳಿಗೆ ಸವರಿದೆವು. ಸ್ವಲ್ಪ ಹೊತ್ತಿನ ಮೇಲೆ ಒರೆಸಿ, ಸೀಮೆಸುಣ್ಣದ ಪುಡಿಯನ್ನು ಬಳಿದೆವು. (ಉಪಾಧ್ಯಾಯರ ಜೇಬಿನಲ್ಲಿ ಅದಕ್ಕೇನು ಕೊರತೆ!) ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆಯು ಹೊರಗೆ ಒಸರಿ, ಬಿಳಿಯ ಪುಡಿಯ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. ಗೆರೆ ಮೂಡಲಿಲ್ಲ, ಕೊಂಡೆವು.

ಬಿಚ್ಚುವುದು ಸುಲಭ. ಹಿಂದಿನ ತಟ್ಟೆಯನ್ನು ಹಿಡಿದಿರುವ ಎರಡು ಸ್ಪ್ಲಿಟ್ ಪಿನ್ನುಗಳನ್ನು ಎಳೆದು ತೆಗೆದರೆ, ಮುಂದಿನ ದವಡೆಯು ತನ್ನ ಜೋಡಿ ಸರಳು ಹಾಗೂ ತಿರುಪಿನೊಡನೆ ಹೊರಗೆ ಬರುತ್ತದೆ. ಚಿಕ್ಕ ಭಾಗಗಳನ್ನು ಒಂದು ರಾತ್ರಿ ವಿನಿಗರಿನಲ್ಲಿ ನೆನೆಯಿಸಿ, ತಂತಿಯ ಬ್ರಷ್ಷಿನಿಂದ ಉಜ್ಜಿ, ಸೋಡಾ ನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಿದೆವು.

ಈ ವೈಸಿನ ಜೀವವಿರುವುದು ಅರ್ಧ ನಟ್ಟಿನಲ್ಲಿ. ಸಾಮಾನ್ಯ ನಟ್ಟು ತಿರುಪನ್ನು ಸುತ್ತಲೂ ಆವರಿಸಿರುತ್ತದೆ. ಇದಾದರೋ ಒಂದೇ ಮಗ್ಗುಲಿನಿಂದ ಕಚ್ಚಿಕೊಳ್ಳುತ್ತದೆ. ಮುಂದಿರುವ ಸನ್ನೆಯನ್ನು ಅದುಮಿದರೆ ನಟ್ಟು ತಿರುಪಿನಿಂದ ದೂರ ಸರಿದು, ದವಡೆಯನ್ನು ತಿರುವದೆಯೇ ಮರದವರೆಗೆ ನೂಕಬಹುದು. ಸನ್ನೆಯನ್ನು ಬಿಟ್ಟೊಡನೆ ಸ್ಪ್ರಿಂಗು ನಟ್ಟನ್ನು ಮತ್ತೆ ತಿರುಪಿಗೆ ಒತ್ತುತ್ತದೆ. ತಿರುಪಿನ ಹಲ್ಲುಗಳ ಆಕಾರವನ್ನೂ ಗಮನಿಸಿರಿ. ಒಂದು ಮುಖ ಗೋಡೆಯಂತೆ ನೆಟ್ಟಗಿದೆ, ಇನ್ನೊಂದು ಇಳಿಜಾರಾಗಿದೆ. ಬಿಗಿಯುವಾಗ ಭಾರವೆಲ್ಲ ನೆಟ್ಟಗಿರುವ ಮುಖದ ಮೇಲೆ ಬೀಳುವುದರಿಂದ ನಟ್ಟು ಜಾರದು. ಇಳಿಜಾರಿನ ಮೇಲೆ ಬಿದ್ದಿದ್ದರೆ ಅದೇ ಭಾರವು ನಟ್ಟನ್ನು ಹೊರಕ್ಕೆ ತಳ್ಳುತ್ತಿತ್ತು.

ಇಷ್ಟೆಲ್ಲ ತಿಳಿದೂ ನಾವು ತಪ್ಪಿದೆವು. ಜೋಡಿಸುವಾಗ, ಹೆಚ್ಚಾದಷ್ಟೂ ಒಳ್ಳೆಯದೆಂದು ಭಾವಿಸಿ, ತಿರುಪಿಗೂ ನಟ್ಟಿಗೂ ಧಾರಾಳವಾಗಿ ಗ್ರೀಸು ಮೆತ್ತಿದೆವು. ತಿಂಗಳೊಂದು ಕಳೆದಿರಲಿಲ್ಲ, ವಿದ್ಯಾರ್ಥಿಯೊಬ್ಬನು ಉಳಿಯಿಂದ ಕಚ್ಚು ಕೊರೆಯುತ್ತಿದ್ದಾಗ ವೈಸು ‘ಕಟ್’ ಎಂದು ಸಡಿಲಿತು. ಮರ ಹೊರಳಿತು, ಉಳಿ ಅವನ ಎಡಗೈ ಬೆರಳುಗಳ ಪಕ್ಕದಲ್ಲಿಯೇ ಹಾದು ಮೇಜಿಗೆ ನಾಟಿತು. ಹುಡುಗನು ಅಂಜಿ, ತಾನೇ ಸರಿಯಾಗಿ ಬಿಗಿಯಲಿಲ್ಲವೆಂದನು. ಅಂದಿನ ಕೆಲಸವನ್ನು ನಿಲ್ಲಿಸಿ, ಎಲ್ಲರ ಎದುರಿನಲ್ಲಿ ಬಿಚ್ಚಿ ನೋಡಿದೆವು. ಗ್ರೀಸಿಗೆ ಗರಗಸದ ಹೊಟ್ಟು ಅಂಟಿ, ನಟ್ಟಿನ ಹಲ್ಲುಗಳ ಸಂದಿನಲ್ಲಿ ಅರಗಿನಂತೆ ಗಟ್ಟಿಯಾಗಿ ಕುಳಿತಿತ್ತು. ಹಲ್ಲುಗಳು ಪೂರ್ಣವಾಗಿ ಒಳಗಿಳಿಯದೆ ತುದಿಯಲ್ಲಷ್ಟೇ ಕಚ್ಚಿದ್ದವು. ತಪ್ಪು ಹುಡುಗನದಲ್ಲ, ನಮ್ಮದೆಂದು ಅವನಿಗೂ ವರ್ಗಕ್ಕೂ ಹೇಳಿದೆವು.

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದಲೂ ಸೀಮೆಎಣ್ಣೆಯಿಂದಲೂ ಸಂದುಗಳನ್ನು ಶುಚಿಮಾಡಿ, ಈ ಸಲ ತಿರುಪಿಗೆ ಮೇಣದಬತ್ತಿಯನ್ನು ಮಾತ್ರ ಉಜ್ಜಿದೆವು. ಒಣಗಿದ ಮೇಣಕ್ಕೆ ಹೊಟ್ಟು ಅಷ್ಟಾಗಿ ಅಂಟದು. ದವಡೆಗಳಿಗೆ ಸಾಗುವಾನಿಯ ಹಲಗೆಗಳನ್ನು ಜೋಡಿಸಿದೆವು. ಇಲ್ಲದಿದ್ದರೆ ಕಬ್ಬಿಣದ ಗುರುತು ಕೆಲಸದ ಮೇಲೆ ಮೂಡುತ್ತದೆ. ಸುಮ್ಮನೆ ಮುಚ್ಚಿದಾಗ ದವಡೆಗಳು ಮೇಲಂಚಿನಲ್ಲಿ ಮೊದಲು ಕೂಡಿ, ಕೆಳಗೆ ಕೂದಲೆಳೆಯಷ್ಟು ಸಂದು ಕಾಣುತ್ತದೆ. ಅದನ್ನು ದೋಷವೆಂದು ಅರದಿಂದ ಉಜ್ಜಬೇಡಿರಿ. ಬಿಗಿದಾಗ ಮುಂದಿನ ದವಡೆ ತುಸು ಬಾಗುವುದರಿಂದ, ಎರಡೂ ಆಗ ಸಮವಾಗಲೆಂದೇ ಹಾಗೆ ಮಾಡಿರುತ್ತಾರೆ.

ಮರುವಾರ ಅದೇ ವಿದ್ಯಾರ್ಥಿಯು ಮರವನ್ನು ಬಿಗಿದು, ಎರಡು ಬಾರಿ ಅಲುಗಿಸಿ ನೋಡಿ, ಅರ್ಧಕ್ಕೆ ನಿಂತಿದ್ದ ಕಚ್ಚನ್ನು ಕೊರೆದು ಮುಗಿಸಿದನು.