ಮಾತ್ರೆ ಕಸಿದು ಎಸೆಯುವ ಮುಂಚೆ

ಕರಾವಳಿಯಲ್ಲಿರಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿರಲಿ, ಕೊರಿಯರ್ ಹುಡುಗ ಈಗ ಎಲ್ಲರ ಮನೆಗೂ ಬರ್ತಾನೆ. ಪೊಟ್ಟಣದಲ್ಲಿ ಏನಿದೆ ಅಂತ ನಾವು ಕೇಳುವುದಿಲ್ಲ. ಅದರಲ್ಲಿ ನಿದ್ದೆ ಮಾತ್ರೆಯೂ ಇರಬಹುದು.

ಒಂದು ಮನೆ ಎಂದುಕೊಳ್ಳೋಣ. ಬಾಪ ಗಲ್ಫಿನಲ್ಲಿ. ಉಮ್ಮನಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಯಾರೋ ಹೇಳಿದರೆಂದು ಡಾಕ್ಟರ ಚೀಟಿಯಿಲ್ಲದೆ ಮೊಬೈಲಿನಲ್ಲೇ ಮಾತ್ರೆ ತರಿಸಿದರು. ಮೊದಮೊದಲು ಅರ್ಧ ಮಾತ್ರೆ ಸಾಕಾಯ್ತು. ಕೆಲವು ತಿಂಗಳಾದ ಮೇಲೆ ಎರಡೂ ಸಾಲದು. ಒಂದು ದಿನ ದಿಂಬಿನಡಿಯ ಶೀಟು ಮಗನ ಕೈಗೆ ಸಿಕ್ಕಿತು. ಸಿಟ್ಟಿನಲ್ಲಿ ಎಲ್ಲವನ್ನೂ ಎಸೆದುಬಿಟ್ಟ. ಪೀಡೆ ತೊಲಗಿತು ಅಂತ ಮನೆಯವರಿಗೆ ಸಮಾಧಾನ. ಆದರೆ ನಿಜವಾದ ಅಪಾಯ ಅಲ್ಲಿಂದಲೇ ಶುರು.

ಅಲ್ಪ್ರಾಜೋಲಂ, ಕ್ಲೋನಾಜಿಪಾಂ, ಡಯಾಜಿಪಾಂನಂಥ ಮಾತ್ರೆಗಳನ್ನು ದಿನಾ ನುಂಗಿದರೆ ಮಿದುಳು ಅವಕ್ಕೆ ಒಗ್ಗಿಹೋಗುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಬೆವರು, ಎದೆ ಡವಡವ, ವಿಪರೀತ ಗಾಬರಿ, ಮೊದಲಿಗಿಂತ ಕೆಟ್ಟ ನಿದ್ರಾಹೀನತೆ. ಕೆಲವರಿಗೆ ಫಿಟ್ಸ್ ಬರುತ್ತದೆ, ಜೀವಕ್ಕೇ ಕುತ್ತಾಗಬಹುದು. ಇದು ನಾಟಕವೂ ಅಲ್ಲ, ಹಟವೂ ಅಲ್ಲ. ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಬೇಕು.

ಇವುಗಳಲ್ಲಿ ಅಲ್ಪ್ರಾಜೋಲಂ, ಡಯಾಜಿಪಾಂ 2014ರ ಮಾರ್ಚ್‌ನಿಂದ ಎಚ್-1 ಪಟ್ಟಿಯಲ್ಲಿವೆ. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಅಂಗಡಿಯವರು ರೋಗಿಯ ಹೆಸರು, ಡಾಕ್ಟರ ಹೆಸರು ಬರೆದ ರಿಜಿಸ್ಟರನ್ನು 3 ವರ್ಷ ಇಟ್ಟುಕೊಳ್ಳಬೇಕು. ಚೀಟಿ ಕೇಳದೆ ಕಳಿಸುವವನ ಮಾತ್ರೆಯೊಳಗೆ ಏನಿದೆ, ಎಷ್ಟಿದೆ ಎಂಬುದಕ್ಕೆ ಯಾವ ಖಾತರಿಯೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಬೈಯಬೇಡಿ, ಕಸಿಯಬೇಡಿ. ಶೀಟನ್ನೇ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ದಿನಕ್ಕೆ ಎಷ್ಟು, ಎಷ್ಟು ತಿಂಗಳಿಂದ ಅಂತ ಮುಚ್ಚಿಡದೆ ಹೇಳಿ. ಅವರು ವಾರಗಟ್ಟಲೆ, ಬೇಕಾದರೆ ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ರಂಝಾನ್ ಬಂತೆಂದು ತಾವಾಗಿ ನಿಲ್ಲಿಸುವುದೂ ಬೇಡ. ಸಹರಿ, ಇಫ್ತಾರ್ ಹೊತ್ತಿಗೆ ಹೇಗೆ ಹೊಂದಿಸಬೇಕೆಂದು ಮೊದಲೇ ಕೇಳಿಕೊಳ್ಳಿ.

ಘಟ್ಟದ ಮೇಲಿನವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್. ಮನೆಯಿಂದಲೇ ಮಾತಾಡಲು ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ.

ನಾಲ್ಕು ಜನ ಏನಂತಾರೋ ಎಂಬ ಹೆದರಿಕೆ ನಮಗೆಲ್ಲ ಇದೆ. ಸಕ್ಕರೆ ಕಾಯಿಲೆಗೆ ಡಾಕ್ಟರ ಹತ್ತಿರ ಹೋಗಲು ನಾಚುತ್ತೇವಾ? ಇದಕ್ಕೂ ಹಾಗೇ ಹೋಗೋಣ. ಉಮ್ಮನ ಜೊತೆ ಮಗನೂ ಹೋಗಲಿ.