ಹೆಡ್‌ಲೈಟ್ ತಿರುಗಿ ಇಂಜಿನ್ ನೋಡಿತು!

ವಿಂಗ್ ನಟ್ಟು ಸಡಿಲಿಸಿ ಹೆಡ್‌ಲೈಟನ್ನು ಮೇಲಕ್ಕೆತ್ತಿ ಹಿಂದೆ ಮಗುಚಿದರೆ, ಬೆಳಕು ನೇರ ಇಂಜಿನಿನ ಮೇಲೆ! ನಡುರಾತ್ರಿ ಗಾಡಿ ಕೆಟ್ಟು ನಿಂತರೂ ಟಾರ್ಚ್ ಹಿಡಿಯಲು ಜನ ಬೇಡ. ಎರಡನೇ ಮಹಾಯುದ್ಧದ ಜೀಪಿನಲ್ಲಿ ಈ ಏರ್ಪಾಡನ್ನು ಮೊದಲ ಸಲ ಕಂಡಾಗ ನನಗೆ ಮಾತೇ ಹೊರಡಲಿಲ್ಲ.

ಹಳೆಯ ಗಾಡಿ ಎಂದರೆ ಅಮೆರಿಕದವರು 1964ರ ಪಾಂಟಿಯಾಕ್ ಜಿಟಿಒದಂಥ ಮಸಲ್ ಕಾರುಗಳಿಗೆ ಜೀವ ಕೊಡುತ್ತಾರೆ. ಅದರದು 6.4 ಲೀಟರಿನ ಇಂಜಿನ್, 325 ಹಾರ್ಸ್‌ಪವರ್. ಆದರೆ ನಮ್ಮ ಅಗಲ್ಪಾಡಿ, ಬದಿಯಡ್ಕ, ಮುಳ್ಳೇರಿಯದ ಗುಡ್ಡೆಗಳಲ್ಲಿ ಅಡಿಕೆ, ಗೊಬ್ಬರ, ಮದುವೆಯ ನೆಂಟರನ್ನು ಹೊತ್ತು ಏರಿದ್ದು ಜೀಪು. ಅದರ ಮೂಲಪುರುಷ, ಯುದ್ಧಕಾಲದ ವಿಲ್ಲೀಸ್ ಜೀಪಿನ ಬಲವೋ ಬರೀ 60 ಹಾರ್ಸ್‌ಪವರ್! ಅದೇ ವಂಶದ ಜೀಪುಗಳನ್ನು 1940ರ ದಶಕದ ಕೊನೆಯಲ್ಲಿ ಮಹೀಂದ್ರಾದವರು ಮುಂಬೈಯಲ್ಲಿ ಜೋಡಿಸತೊಡಗಿದರು.

ಹಳೆಯ ಜೀಪನ್ನು ಮತ್ತೆ ಹೊಸತಾಗಿಸಲು ಬಿಚ್ಚುತ್ತ ಹೋದಂತೆ ರೋಮಾಂಚನ ಹೆಚ್ಚುತ್ತದೆ. ಯುದ್ಧಕಾಲದ ಬೇಡಿಕೆಗೆ ವಿಲ್ಲೀಸ್ ಕಂಪನಿಯೊಂದೇ ಸಾಲದೆ ಫೋರ್ಡ್ ಕೂಡ ಅದೇ ಜೀಪು ತಯಾರಿಸಿತು. ಬಿಡಿಭಾಗಗಳು ಒಂದರದು ಇನ್ನೊಂದಕ್ಕೆ ಕೂರುತ್ತವೆ, ಹಾಗಾಗಿ ಎಷ್ಟೋ ಜೀಪುಗಳು ಈಗ ಎರಡರ ಬೆರಕೆ. ಗುರುತು ಹಿಡಿಯುವುದು ಹೇಗೆ? ಡೀಸೆಲ್‌ನಲ್ಲಿ ನೆನೆಸಿ, ವೈರ್ ಬ್ರಷ್‌ನಿಂದ ಉಜ್ಜಿ, ಬೋಲ್ಟಿನ ತಲೆ ನೋಡಬೇಕು. ಉಗುರಿನಗಲದ ಆ ಜಾಗದಲ್ಲಿ ‘ಎಫ್’ ಅಕ್ಷರ ಮೂಡಿತೋ, ಅದು ಫೋರ್ಡಿನದು! ಚಾಸಿಯ ಮುಂದಿನ ಅಡ್ಡಪಟ್ಟಿಯೂ ಸಾಕ್ಷಿ ಹೇಳುತ್ತದೆ: ವಿಲ್ಲೀಸ್‌ನಲ್ಲಿ ದುಂಡನೆಯ ಪೈಪು, ಫೋರ್ಡಿನಲ್ಲಿ ಕವುಚಿಟ್ಟ ದೋಣಿಯಂಥ ತಗಡು.

ಕಷ್ಟ ಇರುವುದು ನೆಲದ ತಗಡಿನಲ್ಲಿ. ಅದರ ಅಡಿಯ ಆಧಾರಪಟ್ಟಿಗಳೊಳಗೆ ಮರದ ತುಂಡು ಸೇರಿಸಿದ್ದರು. ಮರ ನೀರು ಕುಡಿಯುತ್ತದೆ, ನೀರು ತಗಡನ್ನು ತಿನ್ನುತ್ತದೆ. ನಮ್ಮ ಆಟಿ ತಿಂಗಳ ಮಳೆಗೆ ಕೇಳಬೇಕೆ? ಮೇಲೆ ಪೇಂಟು ಫಳಫಳ, ಕೆಳಗೆ ಬೆರಳು ಒತ್ತಿದರೆ ತೂತು! ಅಷ್ಟನ್ನೂ ಕತ್ತರಿಸಿ ಹೊಸ ತಗಡು ಬಡಿದು ವೆಲ್ಡ್ ಮಾಡುವ ಟಿಂಕರ್ ನನ್ನ ಕಣ್ಣಿಗೆ ಶಿಲ್ಪಿಯೇ. ಪೆಟ್ರೋಲ್ ದುಬಾರಿಯೆಂದು ಎಷ್ಟೋ ಮಂದಿ ಡೀಸೆಲ್ ಇಂಜಿನ್ ಕೂರಿಸಿದ್ದರಿಂದ ಮೂಲ ಇಂಜಿನ್ ಹುಡುಕುವ ಪಾಡು ಬೇರೆ.

ಇಂಥ ಶ್ರದ್ಧೆ ಎಷ್ಟು ದೂರ ಒಯ್ಯುತ್ತದೆ ಎಂದು ತಿಳಿಯಬೇಕಾದರೆ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡಿ ಬನ್ನಿ, ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಅಷ್ಟೆಲ್ಲ ಪಾಡುಪಟ್ಟವನಿಗೆ ಸಿಗುವುದೇನು? ಕಾಲ ಬಳಿ ಮೂರು ಲಿವರ್: ಒಂದು ಗೇರಿನದು, ಇನ್ನೊಂದು ಮುಂದಿನ ಚಕ್ರಕ್ಕೆ ಬಲ ಕೊಡುವುದು, ಮತ್ತೊಂದು ಹೈ-ಲೋ. ಲೋಗೆ ಹಾಕಿ ಕ್ಲಚ್ ಬಿಟ್ಟರೆ, ಮನುಷ್ಯ ನಡೆಯುವಷ್ಟೇ ನಿಧಾನವಾಗಿ, ಕೆಸರು ಕೊಚ್ಚುತ್ತ, ಎಂಬತ್ತು ವರ್ಷದ ಮುದುಕ ತೋಟದ ದರೆ ಹತ್ತಿಯೇಬಿಡುತ್ತಾನೆ!