ಒಂದು ತಂತ್ರಾಂಶ ಹೊಸದಾಗುವ ಬಗೆ

ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವವರು ಎಲ್ಲವನ್ನೂ ಮೊದಲಿನಿಂದ ತಾವೇ ಬರೆಯುವುದಿಲ್ಲ. ಸರಾಸರಿ ತೆಗೆಯುವುದು, ಸಮೀಕರಣ ಬಿಡಿಸುವುದು, ಚಿತ್ರದ ಬೆಳಕು ಹೆಚ್ಚಿಸುವುದು ಇಂಥ ಕೆಲಸಗಳನ್ನು ಯಾರೋ ಒಮ್ಮೆ ಚೆನ್ನಾಗಿ ಮಾಡಿಟ್ಟಿರುತ್ತಾರೆ. ಉಳಿದವರು ಅದನ್ನು ಹೆಸರು ಹಿಡಿದು ಕರೆದರೆ ಸಾಕು. ಹೀಗೆ ಸಿದ್ಧವಾಗಿ ಸಿಗುವ ಪ್ರೋಗ್ರಾಂಗಳ ಸಂಗ್ರಹಕ್ಕೆ 'ಲೈಬ್ರರಿ' ಎನ್ನುತ್ತಾರೆ. ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಿ, ಬಳಸಿ, ತಿದ್ದಿ ಹಂಚಬಹುದಾದರೆ ಅದು ಓಪನ್ ಸೋರ್ಸ್, ಅಂದರೆ ಮುಕ್ತ ಆಕರ ತಂತ್ರಾಂಶ.

ಇಂಥದೊಂದು ಲೈಬ್ರರಿಯ ಹೆಸರು ನಂಪೈ. ಪೈಥಾನ್ ಭಾಷೆಯಲ್ಲಿ ಸಂಖ್ಯೆಗಳ ಸಾಲುಗಳನ್ನೂ ಕೋಷ್ಟಕಗಳನ್ನೂ ವೇಗವಾಗಿ ಲೆಕ್ಕ ಹಾಕುವುದು ಇದರ ಕೆಲಸ. ಮೊದಲು ನ್ಯೂಮೆರಿಕ್ ಮತ್ತು ನಮ್‌ಅರೇ ಎಂಬ ಎರಡು ಲೈಬ್ರರಿಗಳು ಬೇರೆ ಬೇರೆಯಾಗಿ ಬಳಕೆಯಲ್ಲಿದ್ದವು. ಟ್ರಾವಿಸ್ ಆಲಿಫಂಟ್ ಎಂಬ ಅಮೆರಿಕದ ವಿಜ್ಞಾನಿ 2005ರಲ್ಲಿ ಇವೆರಡನ್ನೂ ಒಂದುಗೂಡಿಸುವ ಕೆಲಸ ಕೈಗೊಂಡರು. 2006ರಲ್ಲಿ ಅದರ 1.0 ಆವೃತ್ತಿ ಹೊರಬಂತು. 2016ರಲ್ಲಿ ಪ್ರಕಟವಾದ ಗುರುತ್ವ ತರಂಗಗಳ ಪತ್ತೆಯಲ್ಲಿ, 2019ರಲ್ಲಿ ಜಗತ್ತು ಕಂಡ ಕಪ್ಪು ಕುಳಿಯ ಮೊದಲ ಚಿತ್ರದಲ್ಲಿ ನಂಪೈಯ ಪಾಲೂ ಇದೆ. ಸೈಪೈ, ಪಾಂಡಾಸ್, ಮ್ಯಾಟ್‌ಪ್ಲಾಟ್‌ಲಿಬ್ ಮುಂತಾದ ಲೈಬ್ರರಿಗಳೂ ಇದನ್ನೇ ಆಧರಿಸಿ ನಿಂತಿವೆ.

ಆಮೇಲೆ ಸುಮಾರು ಹದಿನೆಂಟು ವರ್ಷ ನಂಪೈ 1ರ ಸಾಲಿನಲ್ಲೇ ಬೆಳೆಯಿತು. 2.0 ಬಂದದ್ದು 2024ರ ಜೂನ್ 16ರಂದು. ಇಷ್ಟು ತಡವೇಕೆ ಎಂದು ನೀವು ಕೇಳಬಹುದು. ಉತ್ತರ ಆ ಅಂಕಿಯಲ್ಲೇ ಇದೆ.

ಆವೃತ್ತಿಯ ಸಂಖ್ಯೆಯಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ. ಕೊನೆಯ ಅಂಕಿ ಬದಲಾದರೆ ಸಣ್ಣ ದೋಷಗಳನ್ನು ಸರಿಪಡಿಸಿದ್ದಾರೆ ಎಂದರ್ಥ. ನಡುವಿನದು ಬದಲಾದರೆ ಹೊಸ ಸೌಲಭ್ಯಗಳು ಸೇರಿವೆ ಎಂದರ್ಥ. ಮೊದಲ ಅಂಕಿ ಬದಲಾದರೆ ಅದು ಎಚ್ಚರಿಕೆಯ ಮಾತು: ನಿಮ್ಮ ಹಳೆಯ ಪ್ರೋಗ್ರಾಂ ಇದ್ದಂತೆಯೇ ನಡೆಯದೆ ಹೋಗಬಹುದು. ಎಲ್ಲೋ ಒಂದು ಪ್ರಯೋಗಾಲಯದಲ್ಲಿ ಯಾರೋ ಬರೆದಿಟ್ಟ ಪ್ರೋಗ್ರಾಂ ಮರುದಿನ ನಿಂತುಹೋಗಬಹುದು, ಅಥವಾ ಬೇರೆ ಉತ್ತರ ಕೊಡಬಹುದು.

ಹಾಗಾದರೆ ಬದಲಾಯಿಸುವುದಾದರೂ ಏಕೆ? ಒಂದು ಲೆಕ್ಕ ನೋಡಿ. ಎಂಟು ಬಿಟ್‌ಗಳ ಪೂರ್ಣಾಂಕದಲ್ಲಿ 0ಯಿಂದ 255ರವರೆಗಿನ ಸಂಖ್ಯೆಗಳು ಮಾತ್ರ ಹಿಡಿಸುತ್ತವೆ. ಚಿತ್ರಗಳ ಬಿಂದುಗಳನ್ನು ಹೀಗೆ ಬರೆದಿಡುವುದು ರೂಢಿ. ಇಂಥ 100ಕ್ಕೆ 200 ಕೂಡಿಸಿದರೆ 300 ಆಗಬೇಕು. ಆದರೆ 300 ಅಲ್ಲಿ ಹಿಡಿಸದು. 256 ಕಳೆದುಹೋಗಿ 44 ಉಳಿಯುತ್ತದೆ. ಹಳೆಯ ನಂಪೈ ಏನು ಮಾಡುತ್ತಿತ್ತು? 100 ಒಂಟಿ ಸಂಖ್ಯೆಯಾಗಿದ್ದರೆ ತಾನೇ ದೊಡ್ಡ ಜಾಗ ಮಾಡಿಕೊಂಡು 300 ಎನ್ನುತ್ತಿತ್ತು. ಅದೇ 100 ಒಂದು ಸಾಲಿನೊಳಗೆ ಇದ್ದರೆ 44 ಎನ್ನುತ್ತಿತ್ತು. ಅದೇ ಲೆಕ್ಕಕ್ಕೆ ಎರಡು ಉತ್ತರ! ಹೊಸ ನಿಯಮದಲ್ಲಿ ಉತ್ತರದ ಬಗೆಯನ್ನು ಸಂಖ್ಯೆಯ ಜಾತಿ ನಿರ್ಧರಿಸುತ್ತದೆ, ಅದರ ಬೆಲೆ ಅಲ್ಲ. ಒಂಟಿ ಸಂಖ್ಯೆಗೂ 44 ಬರುತ್ತದೆ, ಜೊತೆಗೆ 'ಸಂಖ್ಯೆ ತುಂಬಿ ಹರಿದಿದೆ' ಎಂಬ ಎಚ್ಚರಿಕೆಯೂ ಬರುತ್ತದೆ. 300 ಬೇಕಾದವರು ಮೊದಲೇ ದೊಡ್ಡ ಜಾಗ ಕೇಳಿಕೊಳ್ಳಬೇಕು.

ನಿಯಮ ಈಗ ಅಚ್ಚುಕಟ್ಟಾಯಿತು, ನಿಜ. ಆದರೆ ಹಳೆಯ 300ನ್ನೇ ನಂಬಿ ಮುಂದಿನ ಲೆಕ್ಕ ಹಾಕಿದವರ ಪಾಡೇನು? ದೊಡ್ಡ ಬಿಡುಗಡೆಯ ಸಿದ್ಧತೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ನಡೆಯುತ್ತದೆ. ಆ ಸಿದ್ಧತೆಯ ಹಂತಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಬರೆದು ಚರ್ಚಿಸುವುದು. ನಂಪೈಯಲ್ಲಿ ಮುಖ್ಯ ಬದಲಾವಣೆಗಳಿಗೆಲ್ಲ ಲಿಖಿತ ಪ್ರಸ್ತಾವ ಬೇಕು. ಮೇಲೆ ಹೇಳಿದ ಕೂಡುವ ನಿಯಮ ಐವತ್ತನೆಯ ಸಂಖ್ಯೆಯ ಪ್ರಸ್ತಾವ. ಹಳೆಯದರಲ್ಲಿ ಏನು ಬರುತ್ತಿತ್ತು, ಹೊಸದರಲ್ಲಿ ಏನು ಬರುತ್ತದೆ ಎಂದು ಅದರಲ್ಲಿ ಕೋಷ್ಟಕವನ್ನೇ ಕೊಟ್ಟಿದ್ದಾರೆ. ಯಾರು ಬೇಕಾದರೂ ಅದನ್ನು ಓದಿ ಆಕ್ಷೇಪಣೆ ಹೇಳಬಹುದು.

ಎರಡನೆಯದು, ಮನೆ ಚೊಕ್ಕಟಗೊಳಿಸುವುದು. ವರ್ಷಗಳು ಕಳೆದಂತೆ ಒಂದೇ ವಸ್ತುವಿಗೆ ನಾಲ್ಕಾರು ಹೆಸರು ಸೇರಿಕೊಂಡಿರುತ್ತವೆ. 2.0ದಲ್ಲಿ ಸುಮಾರು 100 ಹೆಸರುಗಳನ್ನು ತೆಗೆದರು, ಬೇರೆಡೆಗೆ ಸಾಗಿಸಿದರು ಅಥವಾ ಇನ್ನು ಬಳಸಬೇಡಿ ಎಂದು ಗುರುತು ಹಾಕಿದರು. ಆದರೆ ತೆಗೆದ ಹೆಸರನ್ನು ಯಾರಾದರೂ ಕರೆದರೆ, ಅದರ ಬದಲಿಗೆ ಏನು ಬಳಸಬೇಕೆಂದು ತಿಳಿಸುವ ಏರ್ಪಾಡನ್ನೂ ಮಾಡಿದರು. ಬದಲಾವಣೆಗೆ ದಾರಿ ತೋರುವ ಕೈಪಿಡಿಯನ್ನು ಬರೆದರು. ಹಳೆಯ ಹೆಸರುಗಳನ್ನು ತಾನಾಗಿ ಹುಡುಕಿ ತಿದ್ದುವ ಸಾಧನವೂ ಸಿದ್ಧವಾಯಿತು.

ಮೂರನೆಯದು, ಆಧರಿಸಿದವರಿಗೆ ಸಮಯ ಕೊಡುವುದು. ಇಲ್ಲೊಂದು ತೊಡಕಿತ್ತು. ಸೈಪೈಯಂಥ ಲೈಬ್ರರಿಗಳ ಕೆಲವು ಭಾಗಗಳನ್ನು ಮೊದಲೇ ಯಂತ್ರಭಾಷೆಗೆ ಇಳಿಸಿ ಹಂಚುತ್ತಾರೆ. ನಂಪೈಯ ಯಾವ ವಸ್ತು ಯಾವ ಜಾಗದಲ್ಲಿದೆ ಎಂಬುದು ಅವುಗಳಲ್ಲಿ ಅಚ್ಚೊತ್ತಿದಂತೆ ಕೂತಿರುತ್ತದೆ. ಊರಿನ ಮನೆಗಳಿಗೆಲ್ಲ ರಾತ್ರೋರಾತ್ರಿ ಹೊಸ ನಂಬರು ಕೊಟ್ಟರೆ ಅಂಚೆಯವರು ಕಾಗದವನ್ನು ಯಾರ ಮನೆಗೋ ಹಾಕಿಬಿಡುತ್ತಾರಲ್ಲವೇ? ಹಾಗೆಯೇ 1ರ ಸಾಲಿಗಾಗಿ ಇಳಿಸಿದ ಪ್ರೋಗ್ರಾಂಗಳು 2.0ದೊಂದಿಗೆ ಕೆಲಸ ಮಾಡಲಾರವು. ಎಲ್ಲರೂ ಅವನ್ನು ಹೊಸದಾಗಿ ಇಳಿಸಲೇಬೇಕಿತ್ತು.

ಇದಕ್ಕೆ ನಂಪೈ ತಂಡ ಕಂಡುಕೊಂಡ ಉಪಾಯ ಗಮನಿಸತಕ್ಕದ್ದು. 2.0ಕ್ಕಾಗಿ ಇಳಿಸಿದ ಪ್ರೋಗ್ರಾಂ ಹಳೆಯ 1ರ ಸಾಲಿನ ನಂಪೈಯೊಂದಿಗೂ ನಡೆಯುವಂತೆ ಅವರು ವ್ಯವಸ್ಥೆ ಮಾಡಿದರು. ಹೀಗಾಗಿ ಲೈಬ್ರರಿ ಬರೆಯುವವರು ಎರಡೆರಡು ಪ್ರತಿ ಇಟ್ಟುಕೊಳ್ಳಬೇಕಾಗಲಿಲ್ಲ. 2024ರ ಮಾರ್ಚ್‌ನಲ್ಲಿ ಪರೀಕ್ಷಾ ಆವೃತ್ತಿ ಬಂತು. ಆಮೇಲೆ 'ಇನ್ನು ಬದಲಿಸುವುದಿಲ್ಲ, ಇದನ್ನೇ ನೋಡಿ ಸಿದ್ಧರಾಗಿ' ಎನ್ನುವಂಥ ಬಿಡುಗಡೆ ಪೂರ್ವ ಆವೃತ್ತಿಗಳು ಬಂದವು. ಮೇ 23ರಂದು ಬಿಡುಗಡೆಯ ದಿನವನ್ನೂ ಮುಂಚಿತವಾಗಿ ಸಾರಿದರು. ಸಿದ್ಧರಾಗದವರು 'ನಮಗೆ 2ಕ್ಕಿಂತ ಹಿಂದಿನ ನಂಪೈ ಬೇಕು' ಎಂದು ಒಂದು ಸಾಲು ಬರೆದುಕೊಂಡು ಹಳೆಯದರಲ್ಲೇ ನೆಮ್ಮದಿಯಾಗಿ ಇರಬಹುದಿತ್ತು.

ನಮ್ಮ ದೇಶದಲ್ಲೂ ಇಂಥದೇ ಒಂದು ಬದಲಾವಣೆ ನಡೆದಿದೆ. 1957ರ ಏಪ್ರಿಲ್ 1ರಂದು ಹದಿನಾರು ಆಣೆಯ ರೂಪಾಯಿ ನೂರು ಪೈಸೆಯ ರೂಪಾಯಿಯಾಯಿತು. ಒಂದು ಆಣೆಗೆ ಆರೂಕಾಲು ಪೈಸೆ. ಸಂತೆಯಲ್ಲಿ ಲೆಕ್ಕ ತಪ್ಪಲು ಇಷ್ಟು ಸಾಕು. ಅದಕ್ಕೇ ಹಳೆಯ ನಾಣ್ಯವೂ ಹೊಸ ನಾಣ್ಯವೂ ಕೆಲವು ವರ್ಷ ಜೊತೆಜೊತೆಯಾಗಿ ಚಲಾವಣೆಯಲ್ಲಿದ್ದವು. ಗೊಂದಲವಾಗದಿರಲೆಂದು ಹೊಸದನ್ನು 1964ರವರೆಗೂ 'ನಯಾ ಪೈಸೆ' ಎಂದೇ ಕರೆದರು.

ಕೂಡಿ ನಡೆಯುವ ಈ ಕಾಲ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪೈಥಾನ್ ಭಾಷೆಯೇ ಸಾಕ್ಷಿ. ಅದರ 3.0 ಆವೃತ್ತಿ 2008ರಲ್ಲಿ ಬಂತು. ಒಂದೇ ಪ್ರೋಗ್ರಾಂ ಹಳೆಯದರಲ್ಲೂ ಹೊಸದರಲ್ಲೂ ನಡೆಯುವಂತೆ ಬರೆಯುವುದು ಮೊದಮೊದಲು ಬಹಳ ಕಷ್ಟವಾಗಿತ್ತು. ಅನೇಕರು 2ರಲ್ಲೇ ಉಳಿದರು. ಹಳೆಯ ಸಾಲಿಗೆ ಬೆಂಬಲ ನಿಂತದ್ದು 2020ರ ಜನವರಿ 1ರಂದು, ಅಂದರೆ ಹನ್ನೊಂದು ವರ್ಷಗಳ ಮೇಲೆ.

ನಂಪೈ 2.0ಕ್ಕಾಗಿ 212 ಜನ ಸೇರಿ 1078 ತಿದ್ದುಪಡಿಗಳನ್ನು ಕೊಟ್ಟರು. ಇಷ್ಟಾದರೂ ಬಿಡುಗಡೆಯ ನಂತರ ಕೆಲವರ ಪ್ರೋಗ್ರಾಂಗಳು ನಿಂತೇ ನಿಂತವು. ಆದರೆ ನಿಂತದ್ದು ಏಕೆ ಎಂಬುದನ್ನು ಪರದೆಯ ಮೇಲಿನ ಸಂದೇಶವೇ ಹೇಳುತ್ತಿತ್ತು. ತಪ್ಪು ಉತ್ತರ ಕೊಟ್ಟು ಸುಮ್ಮನಿರುವ ಪ್ರೋಗ್ರಾಂಗಿಂತ, ಕಾರಣ ಹೇಳಿ ನಿಲ್ಲುವ ಪ್ರೋಗ್ರಾಂ ಮೇಲು.

ವಿದ್ಯಾರ್ಥಿಗಳೇ, ನೀವು ಕಾಲೇಜಿನ ಪ್ರಾಜೆಕ್ಟಿಗೆ ಇಂಥ ಲೈಬ್ರರಿಯನ್ನು ಬಳಸುವಿರಾದರೆ ಮೂರು ರೂಢಿಗಳನ್ನು ಬೆಳೆಸಿಕೊಳ್ಳಿ. ಯಾವ ಆವೃತ್ತಿ ಬಳಸಿದಿರಿ ಎಂಬುದನ್ನು ವರದಿಯಲ್ಲಿ ಬರೆಯಿರಿ. ಪರದೆಯ ಮೇಲೆ ಬರುವ ಎಚ್ಚರಿಕೆಗಳನ್ನು ಓದದೆ ಬಿಡಬೇಡಿ. ಅವು ನಾಳೆ ಬರಲಿರುವ ಬದಲಾವಣೆಯ ಮುನ್ಸೂಚನೆ ಇರಬಹುದು. ಪರೀಕ್ಷಾ ಆವೃತ್ತಿ ಬಂದಾಗ ನಿಮ್ಮ ಪ್ರೋಗ್ರಾಂ ಅದರಲ್ಲಿ ನಡೆಯುತ್ತದೆಯೇ ನೋಡಿ, ನಡೆಯದಿದ್ದರೆ ಬರೆದವರಿಗೆ ತಿಳಿಸಿ. ಅದಕ್ಕೆ ದೊಡ್ಡ ಪದವಿ ಬೇಕಾಗಿಲ್ಲ. ಬಿಡುಗಡೆಗೆ ಮೊದಲು ಸಿಕ್ಕ ಒಂದು ದೋಷವನ್ನು ಒಂದೇ ಕಡೆ ತಿದ್ದಿದರೆ ಸಾಕು. ಬಿಡುಗಡೆಯಾದ ಮೇಲೆ ಸಿಕ್ಕರೆ, ಅದನ್ನು ಬಳಸಿದವರೆಲ್ಲರ ಲೆಕ್ಕವನ್ನೂ ಮತ್ತೆ ನೋಡಬೇಕಾಗುತ್ತದೆ.